ಬೆರಳಿಡು ಅಂದರು

ಇಪಂಡೆಯ ರೈಲು ನಿಲ್ದಾಣದ ಎದುರು ವೀರರ ಗೋಡೆ ನಿಂತಿದೆ. ಅದರ ಬುಡಕ್ಕೆ ಸುರಿದ ಜಲ್ಲಿ ನಾವು ಒಡೆದದ್ದು. ನಾವು ಅಂದರೆ ಊರಾಚೆ ಬಂಡೆಯ ಮೇಲೆ ಕೂತು ಬದುಕುವ ಹೆಂಗಸರು. ಮೊದಲು ಬಂಡೆಯ ಮೇಲೆ ಹಳೇ ಟೈರು ಸುಡುತ್ತೇವೆ. ಬಂಡೆ ಕಾದು ಬಿರಿಯುತ್ತದೆ. ಗಂಡಸರು ಹಾರೆ ಹಾಕಿ ಎಬ್ಬಿಸುತ್ತಾರೆ. ಆಮೇಲಿನದೆಲ್ಲ ನಮ್ಮ ಪಾಲು. ಟೈರಿನಿಂದ ಕೊಯ್ದ ರಬ್ಬರಿನ ಬಳೆಯೊಳಗೆ ಕಲ್ಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಬಳೆ ಇಲ್ಲದಿದ್ದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಬಳೆ ಇದ್ದರೂ ಬೀಳುತ್ತದೆ. ನನ್ನ ಗೆಳತಿ ಕಬೂಲಾಳ ಎಡಗಣ್ಣು ಹಾಗೇ ಹೋಯಿತು. ನಾವು ಉಗುಳಿದರೆ ಎಂಜಲೂ ಬೂದಿ ಬಣ್ಣ.

ನನ್ನ ಹೆಸರು ಮಿಲೆಂಬೆ. ಮೊದಲ ಮಗಳ ಹೆಸರು ಶಿಜಾ, ಅದಕ್ಕೆ ಜನ ನನ್ನನ್ನು ಮಾಮಾ ಶಿಜಾ, ಅಂದರೆ ಶಿಜಾಳ ಅಮ್ಮ, ಅನ್ನುತ್ತಾರೆ. ನನ್ನ ಗಂಡ ಬಾಬಾ ಶಿಜಾ, ಶಿಜಾಳ ಅಪ್ಪ. ಸಿಟ್ಟು ಬಂದಾಗ ಮಾತ್ರ ನಾನು ಅವನನ್ನು ಲುಹೆಂಡೆ ಅಂತ ಹೆಸರು ಹಿಡಿದು ಕೂಗುತ್ತೇನೆ. ನನಗೆ ಸಿಟ್ಟು ಬರುವುದು ಜಾಸ್ತಿ.

ಲುಹೆಂಡೆಗೆ ಬಲಗಾಲು ಮಂಡಿಯಿಂದ ಕೆಳಗಿಲ್ಲ. ಪಕ್ಕದ ದೇಶ ಯುಗಾಂಡಾದ ಅಮೀನನ ಮೇಲಿನ ಯುದ್ಧದಲ್ಲಿ, ಮಸಾಕಾ ದಾರಿಯಲ್ಲಿ, ನೆಲಬಾಂಬು ತುಳಿದ. ಅವನು ಮ್ಗಾಂಬೋ ಪಡೆಯವನು. ಹತ್ತಿ ಬಿಡಿಸುತ್ತಿದ್ದವರನ್ನು ಹೊಲದಿಂದ ಎಬ್ಬಿಸಿ, ಕೈಗೆ ಬಂದೂಕು ಕೊಟ್ಟು, ಲಾರಿಗೆ ತುಂಬಿ ಕಳಿಸಿದ ಪಡೆ ಅದು. ಯುದ್ಧ ಮುಗಿದ ಮೇಲೆ ಬಂದೂಕು ಕಿತ್ತುಕೊಂಡರು. ಒಂದು ಕಂಬಳಿ ಕೊಟ್ಟು ಮನೆಗೆ ಹೋಗಿ ಅಂದರು. ಎರಡು ಊರುಗೋಲಿನ ಮೇಲೆ ಬಂದ, ಅಂದರೆ ಇಬ್ಬರು ಗೆಳೆಯರ ಹೆಗಲ ಮೇಲೆ. ಮರದ ಊರುಗೋಲು ಆಮೇಲೆ ಅವನೇ ಮಾಡಿಕೊಂಡ. ಈಗ ಬಂಡೆಯ ಹತ್ತಿರ ಕೂತು ನಮ್ಮ ಸುತ್ತಿಗೆಗಳಿಗೆ ಮರದ ಕಾವು ಹಾಕಿಕೊಡುತ್ತಾನೆ.

ಯುದ್ಧಕ್ಕೆ ಹೋದವರಲ್ಲಿ ಅವನೇ ಮೊದಲಿಗನಲ್ಲ. ಅವನ ಅಜ್ಜ ಕಪೂಫಿ ಜರ್ಮನ್ನರ ಯುದ್ಧದಲ್ಲಿ ಹೊರೆಯಾಳು. ಮೊದಲು ಜರ್ಮನ್ನರ ಪೆಟ್ಟಿಗೆ ಹೊತ್ತ. ಜರ್ಮನ್ನರು ಓಡಿದರು. ಹಿಂದೆಯೇ ಬಂದ ಇಂಗ್ಲಿಷರು ಅವನನ್ನು ಹಿಡಿದು ತಮ್ಮ ಪೆಟ್ಟಿಗೆ ಹೊರಿಸಿದರು. ಭಾರದಲ್ಲಿ ಏನೂ ವ್ಯತ್ಯಾಸ ಇರಲಿಲ್ಲವಂತೆ. ಜೊತೆಗೆ ಹೋದ ತಮ್ಮ ಭೇದಿಯಾಗಿ ದಾರಿಯಲ್ಲೇ ಕುಸಿದ. ಅವನ ಹೊರೆಯನ್ನೂ ಅಜ್ಜನ ತಲೆಗೇ ಏರಿಸಿದರು. ಮಣ್ಣು ಮಾಡಲು ಬಿಡಲಿಲ್ಲ. ಲುಹೆಂಡೆಯ ಅಪ್ಪ ಅದರ ಮುಂದಿನ ಮಹಾಯುದ್ಧದಲ್ಲಿ ಇಂಗ್ಲಿಷರ ಪಡೆಯ ಜೊತೆ ಬರ್ಮಾಕ್ಕೆ ಹೋದ. ಅಲ್ಲಿ ಕಂದಕ ತೋಡಿದ, ಪಾಯಖಾನೆ ತೋಡಿದ, ಸತ್ತವರಿಗೆ ಗುಂಡಿ ತೋಡಿದ. ಮೂರಕ್ಕೂ ಒಂದೇ ಸಲಿಕೆ.

ಗೋಡೆ ಕಟ್ಟಿಸಿದವನು ನಿವೃತ್ತ ಮೇಜರ್ ಕಾಸೆಂಬೆ. ಊರಿನ ಹಿಟ್ಟಿನ ಗಿರಣಿ ಅವನದು. ಮಸೀದಿಗೂ ಚರ್ಚಿಗೂ ತಗಡು ಹಾಕಿಸಿದವನು ಅವನೇ. ಹೀಗಾಗಿ ದೇವರೂ ಅವನ ಕಡೆ. ಗೋಡೆಯಲ್ಲಿ ಮೂರು ಕಪ್ಪು ಕಲ್ಲು. ಜರ್ಮನ್ನರ ಯುದ್ಧಕ್ಕೊಂದು, ಬರ್ಮಾಕ್ಕೊಂದು, ಅಮೀನನ ಯುದ್ಧಕ್ಕೊಂದು. ಮೇಲೆ ದೊಡ್ಡಕ್ಷರದಲ್ಲಿ, ‘ಇಪಂಡೆ ತನ್ನ ಮಕ್ಕಳನ್ನು ಮರೆಯುವುದಿಲ್ಲ’ ಅಂತ.

ಹೆಸರು ಕೆತ್ತುವ ಮೊದಲೇ ನಾವಿಬ್ಬರೂ ಮೇಜರನ ಮನೆಗೆ ಹೋಗಿದ್ದೆವು. ಜಗುಲಿಯಲ್ಲಿ ಅವನ ಗೋಡೆ ಸಮಿತಿಯವರು ಚಹಾ ಕುಡಿಯುತ್ತಿದ್ದರು. ನಮ್ಮನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಒಂಟಿ ಕಾಲಿನವನಿಗೂ ಕೂರು ಅನ್ನಲಿಲ್ಲ.

“ಶಿಕಮೂ, ಮೇಜರ್ ಸಾಹೇಬ್ರೆ,” ಅಂತ ನಮಸ್ಕರಿಸಿದ ಲುಹೆಂಡೆ.

“ಮರಹಬಾ. ಏನಪ್ಪಾ, ಬಂದದ್ದು?”

“ಗೋಡೆ ಮ್ಯಾಲೆ ನಮ್ಮಜ್ಜಂದು, ನಮ್ಮಪ್ಪಂದು, ನಂದು ಹೆಸರು ಬರಬೇಕು ಸಾಹೇಬ್ರೆ.”

“ಸೈನಿಕರ ಹೆಸರು ಮಾತ್ರ ಅಂತ ತೀರ್ಮಾನ ಆಗಿದೆ. ನಿಮ್ಮಪ್ಪ ಗುಂಡಿ ತೋಡ್ತಿದ್ದ. ನೀನು ಮ್ಗಾಂಬೋ. ಸೇನೆ ಬೇರೆ, ಮ್ಗಾಂಬೋ ಬೇರೆ. ಇನ್ನು ನಿಮ್ಮಜ್ಜ...” ಮೇಜರ್ ಚಹಾದ ಕಪ್ಪು ಕೆಳಗಿಟ್ಟ. “ಹೊರೆ ಹೊತ್ತವರ ಹೆಸರು ಬರೀತಾ ಹೋದ್ರೆ, ನಾಳೆ ಕತ್ತೆಗಳ ಹೆಸರೂ ಬರೀಬೇಕಾಗುತ್ತೆ.”

ಜಗುಲಿಯವರೆಲ್ಲ ನಕ್ಕರು. ಒಬ್ಬನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಅವನ ಬೆನ್ನು ತಟ್ಟಿ ಇನ್ನಷ್ಟು ನಕ್ಕರು.

ದಾರಿಯಲ್ಲಿ ಲುಹೆಂಡೆ ಊರುಗೋಲು ಊರುತ್ತ ಮುಂದೆ ನಡೆದ. ನಾನು ಬೈದೆ. ಮೇಜರನನ್ನು ಬೈದೆ, ಅವನ ಗಿರಣಿಯನ್ನು ಬೈದೆ, ಕೊನೆಗೆ ಬೈಯಲು ಯಾರೂ ಉಳಿಯದೆ ಗಂಡನನ್ನೇ ಬೈದೆ.

ಹೆಸರುಗಳು ಬಂದವು. ಮೂರನೇ ಕಲ್ಲಿನಲ್ಲಿ ಎಲ್ಲಕ್ಕಿಂತ ಮೇಲೆ ಸಾರ್ಜೆಂಟ್ ಬುಲುಗು. ಮೇಜರನ ಹೆಂಡತಿಯ ಅಣ್ಣ. ಯುದ್ಧ ನಡೆದಷ್ಟು ಕಾಲವೂ ಟಬೋರಾ ಪಟ್ಟಣದ ಉಗ್ರಾಣದಲ್ಲಿ ಸಕ್ಕರೆ ಮೂಟೆ ಕಾದವನು. ಯುಗಾಂಡಾ ಎತ್ತ ಕಡೆ ಅಂತ ಅವನಿಗೆ ತಿಳಿದಿತ್ತೋ ಇಲ್ಲವೋ. ಸತ್ತದ್ದು ಸಕ್ಕರೆ ಕಾಯಿಲೆಯಿಂದ. ಊರಿಗೆಲ್ಲ ಗೊತ್ತು. ಆದರೆ ಜೋಳ ಬೀಸಿಸಲು ಊರಿಗೆಲ್ಲ ಇರುವುದು ಒಂದೇ ಗಿರಣಿ.

ವೀರರ ದಿನ ಹತ್ತಿರ ಬಂತು. ಗೋಡೆ ತೆರೆಯಲು ಪ್ರಾಂತಾಧಿಕಾರಿ ಬರುತ್ತಾರೆ, ಟೀವಿಯವರು ಬರುತ್ತಾರೆ ಅಂತ ಸುದ್ದಿ. ಆಗ ಸಮಿತಿಗೆ ಒಂದು ಕೊರತೆ ಕಾಣಿಸಿತು. ಗೋಡೆಯ ಮೇಲೆ ಹೆಸರಿದ್ದವರಲ್ಲಿ ಬದುಕಿದ್ದವರು ಕೆಲವೇ ಮಂದಿ. ಅವರಿಗೆಲ್ಲ ಕೈಕಾಲು ಸರಿಯಾಗಿದ್ದವು. ಹೊಟ್ಟೆಯೂ ಬಂದಿತ್ತು. ನೋಡಿದರೆ ಯುದ್ಧಕ್ಕೆ ಹೋದವರ ಹಾಗಿರಲಿಲ್ಲ, ಮದುವೆಗೆ ಹೋಗಿ ಬಂದವರ ಹಾಗಿದ್ದರು. ಟೀವಿಗೆ ಗಾಯ ಬೇಕು.

ಸಮಿತಿಯವನೊಬ್ಬ ಬಂಡೆಯ ಹತ್ತಿರ ಬಂದ. ಕೈಯಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರ. ಮೂಗಿಗೆ ಕರವಸ್ತ್ರ ಹಿಡಿದು, ಲುಹೆಂಡೆ ಅದನ್ನು ಹಾಕಿಕೊಂಡು ಗೋಡೆಯ ಪಕ್ಕ ನಿಂತರೆ ಸಾಕು, ಮಾತಾಡುವ ತೊಂದರೆಯೇ ಇಲ್ಲ ಅಂದ. ಬಟ್ಟೆ ಕೊಟ್ಟು ಹೋದ.

“ಹೆಸರು ಬ್ಯಾಡ, ಕಾಲು ಬೇಕಂತಾ ಅವರಿಗೆ?” ಅಂದೆ.

“ಕಾಲೆಲ್ಲೈತೆ ಮಾಮಾ ಶಿಜಾ? ಕಾಲಿಲ್ಲದ ಜಾಗ ಬೇಕಂತೆ.”

“ನಗಬ್ಯಾಡ. ಹೋಗ್ತೀಯಾ?”

ಅವನು ಸಮವಸ್ತ್ರದ ಗುಂಡಿಗಳನ್ನು ಸವರುತ್ತಿದ್ದ. “ನಮಗೆ ಇಂಥದ್ದು ಕೊಟ್ಟಿರಲಿಲ್ಲ ಕಣೆ. ನಾನು ಮದುವೆ ಅಂಗೀಲೇ ಯುದ್ಧಕ್ಕೆ ಹೋದೆ. ಬೂಟು ಸತ್ತೋನದು. ಒಂದ್ಸಲ ಹಾಕ್ಕೊಂಡು ನೋಡ್ತೀನಿ.”

“ಥೂ ನಿನ್ನ. ಕತ್ತೆ ಅಂದೋರು ಕೊಟ್ಟ ಬಟ್ಟೆ.”

“ಹೌದು. ಆದ್ರೂ ಒಂದ್ಸಲ.”

ಆ ಮುಖ ನೋಡಿ ಸೂಜಿ ದಾರ ಹುಡುಕಿದೆ. ನಾಲ್ಕು ಮಕ್ಕಳನ್ನು ಹೆತ್ತಿದ್ದೇನೆ ಅವನಿಗೆ. ಅವನಿಗೆ ಹೀಗೊಂದು ಆಸೆ ಇತ್ತು ಅಂತ ನನಗೆ ತಿಳಿದಿರಲಿಲ್ಲ. ಷರಾಯಿಯ ಬಲಗಾಲನ್ನು ಮಡಚಿ ಮಂಡಿಯ ಹತ್ತಿರ ನಾನೇ ಹೊಲಿದೆ. ಹೊಲಿಯುತ್ತ ಬೈಯುತ್ತಲೇ ಇದ್ದೆ.

ಆ ದಿನ ಬಂಡೆಯ ಹೆಂಗಸರಿಗೂ ಬರಲು ಹೇಳಿದ್ದರು. ಕುರ್ಚಿ ಇಲ್ಲ, ಹಗ್ಗದಾಚೆ ಬಿಸಿಲಲ್ಲಿ ಜಾಗ. ತೊಳೆದ ಕಾಂಗಾ ಉಟ್ಟು ಬನ್ನಿ, ಕೈಕಾಲಿನ ಪುಡಿ ತಿಕ್ಕಿ ಬನ್ನಿ ಅಂತ ಕಟ್ಟಪ್ಪಣೆ. ನಾವು ತಿಕ್ಕಿಕೊಂಡು ಹೋದೆವು. ಬ್ಯಾಂಡಿನವರು ಊದಿದರು. ಪ್ರಾಂತಾಧಿಕಾರಿ ಗೋಡೆಗೆ ಹೊದಿಸಿದ ಬಟ್ಟೆ ಸರಿಸಿದರು. ಶೇಖು ಪ್ರಾರ್ಥಿಸಿದ, ಪಾದ್ರಿ ಪ್ರಾರ್ಥಿಸಿದ. ಮೇಜರ್ ಭಾಷಣ ಮಾಡಿದ. ಅವನ ಭಾಷಣದಲ್ಲಿ ನದಿ ಇತ್ತು, ಸೇತುವೆ ಇತ್ತು, ಗುಂಡಿನ ಮಳೆ ಇತ್ತು. ಎಲ್ಲದರ ನಡುವೆ ಅವನೊಬ್ಬನೇ ಇದ್ದ.

ಲುಹೆಂಡೆ ಗೋಡೆಯ ಪಕ್ಕ ನಿಂತಿದ್ದ. ಒಪ್ಪಿಕೊಳ್ಳುತ್ತೇನೆ, ಸಮವಸ್ತ್ರ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಮೈಕಿನವನು, “ಇವರು ನಮ್ಮ ಗಾಯಾಳು ವೀರಯೋಧರು,” ಅಂದ. ಹೆಸರು ಹೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಪ್ರಾಂತಾಧಿಕಾರಿ ಒಳ್ಳೆಯ ಮನುಷ್ಯನೋ, ಫೋಟೋದ ಹುಚ್ಚಿನವನೋ. ನೇರ ಲುಹೆಂಡೆಯ ಹತ್ತಿರ ಬಂದು ಕೈ ಕುಲುಕಿದರು. “ಮ್ಜೇ, ಹಿರಿಯರೇ, ನಿಮ್ಮ ಹೆಸರು ಈ ಕಲ್ಲಿನ ಮೇಲೆ ಎಲ್ಲಿದೆ? ಬೆರಳಿಟ್ಟು ತೋರಿಸಿ. ಇಬ್ಬರೂ ಸೇರಿ ಫೋಟೋ ತೆಗೆಸಿಕೊಳ್ಳೋಣ.”

ಮೇಜರ್ ಗಡಿಬಿಡಿಯಿಂದ ಹತ್ತಿರ ಬಂದ. ಫೋಟೋದವನು, ಊರುಗೋಲು ಹೆಸರುಗಳಿಗೆ ಅಡ್ಡ ಬರುತ್ತವೆ ಅಂತ ಅವನ್ನು ತೆಗೆಸಿದ. ಪೊಲೀಸಿನವನೊಬ್ಬ ಎತ್ತಿಕೊಂಡು ಹೋದ. ಲುಹೆಂಡೆ ಒಂದು ಕೈ ಗೋಡೆಗೆ ಕೊಟ್ಟು ಒಂಟಿ ಕಾಲಲ್ಲಿ ನಿಂತ. ಮೇಜರ್ ಅವನ ಕಿವಿಯ ಹತ್ತಿರ ಬಾಗಿದ. ಆದರೆ ಮೈಕು ಅಲ್ಲೇ ಇತ್ತು. ಅವನ ಪಿಸುಮಾತು ಇಡೀ ಇಪಂಡೆಗೆ ಕೇಳಿಸಿತು.

“ಎಲ್ಲಕ್ಕಿಂತ ಮೇಲಿನದಕ್ಕೆ ಬೆರಳಿಡು. ಬೇಗ.”

ಮೇಲಿನದು ಸಾರ್ಜೆಂಟ್ ಬುಲುಗು.

ಲುಹೆಂಡೆಗೆ ಓದು ಬರುತ್ತದೆ. ಅವನು ಓದಿದ. ಬೆರಳು ಕಲ್ಲಿನವರೆಗೆ ಹೋಯಿತು. ಫೋಟೋದವನು ಒಂದು ಕಣ್ಣು ಮುಚ್ಚಿದ. ಬೆರಳು ವಾಪಸ್ಸು ಬಂತು.

“ಇದು ನಂದಲ್ಲ,” ಅಂದ. “ಇದು ಸಕ್ಕರೆ ಕಾದೋನದು. ನನ್ನ ಹೆಸರು ಇಲ್ಲಿಲ್ಲ. ನಮ್ಮಜ್ಜಂದೂ ಇಲ್ಲ, ನಮ್ಮಪ್ಪಂದೂ ಇಲ್ಲ. ನಾವು ಸೈನಿಕರಲ್ಲವಂತೆ. ನಾವು ಕತ್ತೆಗಳಂತೆ.”

ಇದೂ ಮೈಕಿನಲ್ಲಿ ಬಂತು.

ಆಮೇಲೆ ಅವನು ಗೋಡೆಗೆ ಬೆನ್ನು ಕೊಟ್ಟು ಸಮವಸ್ತ್ರದ ಗುಂಡಿ ಬಿಚ್ಚತೊಡಗಿದ. ಅವಸರ ಮಾಡಲಿಲ್ಲ. ಅಂಗಿ ತೆಗೆದು, ಮಡಚಿ, ಮೇಜರನ ಕೈಗಿಟ್ಟ. ಒಳಗಿದ್ದದ್ದು ತೂತು ಬಿದ್ದ ಬನಿಯನ್. ಊರುಗೋಲಿಗಾಗಿ ಸುತ್ತ ನೋಡಿದ. ಯಾರೂ ಕೊಡಲಿಲ್ಲ. ಗೋಡೆಯನ್ನು ಸವರಿಕೊಂಡು ಜಾರಿ ನೆಲದ ಮೇಲೆ ಕೂತ.

ಟೀವಿಯ ಕ್ಯಾಮೆರಾ ತಿರುಗುತ್ತಲೇ ಇತ್ತು. ಮೇಜರ್ ಬ್ಯಾಂಡಿನವರ ಕಡೆ ಹುಚ್ಚನ ಹಾಗೆ ಕೈ ಬೀಸಿದ. ಬ್ಯಾಂಡಿನವರಿಗೆ ಏನು ಬಾರಿಸಬೇಕೋ ತಿಳಿಯದೆ ರಾಷ್ಟ್ರಗೀತೆ ಬಾರಿಸಿದರು. ಎಲ್ಲರೂ ಎದ್ದು ಸೆಟೆದು ನಿಂತರು. ಮೇಜರ್ ಒಂದು ಕಂಕುಳಲ್ಲಿ ಅಂಗಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಸೆಲ್ಯೂಟ್ ಹೊಡೆದ. ಲುಹೆಂಡೆ ಕೂತೇ ಇದ್ದ. ಗೀತೆ ಮುಗಿಯಿತು. ಪೊಲೀಸರು ಅವನ ಕಂಕುಳಿಗೆ ಕೈ ಹಾಕಿ ಎತ್ತಿದರು. ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ, ದೇಶಕ್ಕೆ ಅವಮಾನ ಮಾಡಿದ ಅಂತ ಕೇಸು ಹಾಕಿದರು. ನಗಬೇಡಿ. ಇದು ನಡೆದದ್ದು.

ನಾನು ಹಗ್ಗ ದಾಟಿ ಓಡಿದೆ. ಒಬ್ಬ ಪೊಲೀಸಿನವನು ನನ್ನ ಎದೆಗೆ ಲಾಠಿ ಅಡ್ಡ ಇಟ್ಟ. “ಅವನಿಗೆ ಕಾಲಿಲ್ಲ ಕಣೋ!” ಅಂತ ಕಿರಿಚಿದೆ. “ನಿನಗೆ ಕಣ್ಣೂ ಇಲ್ಲವಾ?”

“ಠಾಣೆಗೆ ಬಂದು ಹೇಳಮ್ಮ,” ಅಂದ.

ಠಾಣೆಯಲ್ಲಿ ಊರುಗೋಲು ಕೊಡಲಿಲ್ಲ. ಅವು ಮುದ್ದೆಮಾಲು, ಕೋರ್ಟಿಗೆ ಹಾಜರುಪಡಿಸಬೇಕು ಅಂದರು. ಲಾಕಪ್ಪಿನಲ್ಲಿ ನನ್ನ ಗಂಡ ಪಾಯಖಾನೆಗೆ ತೆವಳಿಕೊಂಡು ಹೋದ. ಅದನ್ನು ಅವನು ಹೇಳಲಿಲ್ಲ. ಉಗಾಲಿ ಮುದ್ದೆ ತೆಗೆದುಕೊಂಡು ಹೋದಾಗ ಅವನ ತರಚಿದ ಅಂಗೈ ನೋಡಿ ನನಗೇ ತಿಳಿಯಿತು. ಹೊರಗೆ ಬಂದು ಹೆಂಗಸರಿಗೆ ಹೇಳಿದೆ. ಮಾರನೇ ಬೆಳಿಗ್ಗೆ ಬಂಡೆಯಲ್ಲಿ ಸುತ್ತಿಗೆ ಸದ್ದಿಲ್ಲ. ಎಲ್ಲರೂ ಠಾಣೆಯ ಎದುರಿನ ಮಾವಿನ ಮರದಡಿ ಬಂದು ಕೂತರು. ಕೂಸುಗಳನ್ನೂ ಕಟ್ಟಿಕೊಂಡು ಬಂದಿದ್ದರು. ಪೊಲೀಸರು ಹೋಗಿ ಅಂದರು. “ಕಾಲು ನೋಯ್ತದೆ ಅಪ್ಪಾ, ಎದ್ದು ನಿಲ್ಲೋಕಾಗಲ್ಲ,” ಅಂದಳು ಕಬೂಲಾ. “ನಮ್ಮ ಮೇಲೂ ಕೇಸು ಹಾಕು.” ವಿಚಾರಣೆಯ ದಿನದವರೆಗೂ ನಾವು ಆ ಮರದಡಿಯೇ ಉಂಡೆವು.

ಕೋರ್ಟು ಅಂದರೆ ಒಂದು ಕೋಣೆ. ಕಿಟಕಿಯ ತುಂಬ ನಮ್ಮ ತಲೆಗಳು. ಮ್ಯಾಜಿಸ್ಟ್ರೇಟರು ಕನ್ನಡಕ ಹಾಕಿದ ಒಣಕಲು ಹೆಂಗಸು. ಅವರ ಮೇಜಿನ ಮೇಲೆ ನನ್ನ ಗಂಡನ ಊರುಗೋಲು ಚೀಟಿ ಕಟ್ಟಿಸಿಕೊಂಡು ಮಲಗಿದ್ದವು.

ಪೊಲೀಸರ ಕಡೆಯ ದೊಡ್ಡ ಸಾಕ್ಷಿ ಮೇಜರ್. ಆರೋಪಿಗೆ ರಾಷ್ಟ್ರಗೀತೆಯ ಬೆಲೆ ಗೊತ್ತಿತ್ತು, ಗೊತ್ತಿದ್ದೂ ಬೇಕೆಂದೇ ಕೂತ ಅಂತ ಅವನು ಹೇಳಬೇಕಿತ್ತು. ಅದಕ್ಕೇ ಕರೆಸಿದ್ದರು.

“ಚೆನ್ನಾಗಿ ಗೊತ್ತಿತ್ತು ಮೇಡಂ,” ಅಂದ ಮೇಜರ್. “ಇವನು ನನ್ನ ಕೈಕೆಳಗೇ ಇದ್ದ. ಕಾಗೇರಾ ನದಿಯಿಂದ ಮಸಾಕಾವರೆಗೆ. ದಿನಾ ಬೆಳಿಗ್ಗೆ ಗೀತೆ ಹಾಡಿಸ್ತಿದ್ದೆ. ಶಿಸ್ತು ಕಲಿಸಿದ್ದೇ ನಾನು. ಗುಂಡು ಹಾರೋವಾಗ ಮುಂದಿನ ಸಾಲಿನಲ್ಲಿ ಇಟ್ಟಿದ್ದೆ ಇವನನ್ನ, ಅಷ್ಟು ನಂಬಿಕೆ ಇತ್ತು...”

ತನ್ನ ಯುದ್ಧದ ಮಾತು ಬಂದರೆ ಅವನ ನಾಲಿಗೆಗೆ ಲಗಾಮಿಲ್ಲ. ಪೊಲೀಸ್ ವಕೀಲ ಸಾಕು ಅಂತ ಕೈ ಮಾಡಿದ. ಮ್ಯಾಜಿಸ್ಟ್ರೇಟರು ಲುಹೆಂಡೆಯ ಕಡೆ ನೋಡಿದರು.

“ಸಾಕ್ಷಿಗೆ ಏನಾದರೂ ಕೇಳೋದಿದೆಯಾ?”

“ಒಂದೇ ಒಂದು ಮಾತು, ತಾಯಿ.” ಅವನು ಕಟಕಟೆಯ ಕಂಬ ಹಿಡಿದುಕೊಂಡಿದ್ದ. “ಮೇಜರ್ ಸಾಹೇಬ್ರೆ, ನಾನು ಸೈನಿಕನಾ?”

ಮೇಜರ್ ಪೊಲೀಸ್ ವಕೀಲನ ಕಡೆ ನೋಡಿದ. ಅಲ್ಲ ಅಂದರೆ ಈಗಷ್ಟೇ ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾಗುತ್ತದೆ. ಹೌದು ಅಂದರೆ ಗೋಡೆ ಸುಳ್ಳಾಗುತ್ತದೆ.

“ಅದು... ತಾಂತ್ರಿಕವಾಗಿ ಹೇಳೋದಾದ್ರೆ...”

“ಉತ್ತರ ಕೊಡಿ,” ಅಂದರು ಮ್ಯಾಜಿಸ್ಟ್ರೇಟರು.

“ಹೌದು.”

“ಕೇಳಿಸ್ಲಿಲ್ಲ!” ಕಿಟಕಿಯಿಂದ ಕಬೂಲಾ ಕೂಗಿದಳು. “ಇತ್ತ ಕಡೆಯೋರಿಗೆ ಕೇಳಿಸ್ಲಿಲ್ಲ! ಜೋರಾಗಿ ಹೇಳ್ರಿ!”

ಕೋಣೆಯೆಲ್ಲ ನಗು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿದರು. ನಕ್ಕವರನ್ನೆಲ್ಲ ಹೊರಗೆ ಹಾಕುತ್ತೇನೆ ಅಂದರು. ಆಮೇಲೆ ಊರುಗೋಲು ಕಿತ್ತುಕೊಂಡವರು ಯಾರು ಅಂತ ಪೊಲೀಸರನ್ನು ಕೇಳಿದರು. ಕಾಲಿಲ್ಲದವನ ಊರುಗೋಲು ಕಿತ್ತು, ನಿಲ್ಲಲಿಲ್ಲ ಅಂತ ಕೇಸು ತಂದು ತಮ್ಮ ಹೊತ್ತು ಹಾಳು ಮಾಡಿದ್ದಕ್ಕೆ ಬೈದರು. ಕೇಸು ವಜಾ ಆಯಿತು. ನಮಗಾದ ಅನ್ಯಾಯಕ್ಕೆ ಅವರು ಒಂದು ಮಾತೂ ಹೇಳಲಿಲ್ಲ. ಅವರು ಬೈದದ್ದು ತಮ್ಮ ಹೊತ್ತಿಗಾಗಿ. ಅಷ್ಟಾದರೂ ಆಯಿತಲ್ಲ.

ನಾನೇ ಮೇಜಿನ ಮೇಲಿನ ಊರುಗೋಲು ಎತ್ತಿಕೊಂಡೆ. ಚೀಟಿ ಕಿತ್ತು ನೆಲಕ್ಕೆಸೆದೆ.

ಟೀವಿಯಲ್ಲಿ ಆ ದೃಶ್ಯ ಬಂದಿತ್ತು, ಗೋಡೆಯ ಬುಡದಲ್ಲಿ ಬನಿಯನ್ನಿನಲ್ಲಿ ಕೂತ ಒಂಟಿ ಕಾಲಿನವನು, ಸುತ್ತ ಸೆಟೆದು ನಿಂತ ಊರು. ಪ್ರಾಂತಾಧಿಕಾರಿಯ ಕಚೇರಿಯಿಂದ ಮೇಜರನಿಗೆ ಮಾತು ಬಂದಿರಬೇಕು. ಒಂದು ಮಧ್ಯಾಹ್ನ ಅವನ ಕಾರು ಬಂಡೆಯ ದಾರಿಗೆ ಬಂತು. ಅಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಹೊಳೆಯುವ ಬೂಟಿಗೆ ಜಲ್ಲಿಯ ಮೇಲೆ ಹಿಡಿತ ಸಿಗದೆ ತಡವರಿಸಿಕೊಂಡು ಬಂದ. ಕೂರಿ ಅಂತ ನಾವು ಹೇಳಲಿಲ್ಲ. ಕೂರಲು ಅಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ.

“ಲುಹೆಂಡೆ, ಸಮಿತಿಯಲ್ಲಿ ಮಾತಾಡಿದೆ,” ಅಂದ. “ನಿನ್ನ ಹೆಸರು ಸೇರಿಸ್ತೀವಿ. ಮೂರನೇ ಕಲ್ಲು, ಕೊನೇ ಸಾಲು.”

ಲುಹೆಂಡೆ ಸುತ್ತಿಗೆಯ ಕಾವು ಹೆರೆಯುತ್ತಿದ್ದ. “ನಮ್ಮಜ್ಜಂದು?”

“ಅದಾಗಲ್ಲ. ಅವನು ಪೆಟ್ಟಿಗೆ ಹೊತ್ತವನು.”

“ಪೆಟ್ಟಿಗೇಲಿ ಏನಿತ್ತು ಸಾಹೇಬ್ರೆ?”

“ಗುಂಡು. ಇನ್ನೇನು?”

“ಅದು ತಾನಾಗೇ ನಡ್ಕೊಂಡು ಬಂದೂಕಿಗೆ ಹೋಗ್ತಿತ್ತಾ?”

ಮೇಜರ್ ಕುತ್ತಿಗೆ ಒರೆಸಿಕೊಂಡ. “ನೋಡು, ಹೊರೆಯವರು ಲೆಕ್ಕವಿಲ್ಲದಷ್ಟು ಜನ. ಅವರಿಗೆಲ್ಲ ಜಾಗ ಎಲ್ಲಿಂದ ತರೋದು? ಸಿಕ್ಕಿದ್ದನ್ನ ತಗೋ. ನಿನ್ನ ಹೆಸರು ಉಳಿಯುತ್ತೆ.”

ಲುಹೆಂಡೆ ಕಾವನ್ನು ಎತ್ತಿ, ನೆಟ್ಟಗಿದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡಿದ. ನಾನು ಸುತ್ತಿಗೆ ಕೆಳಗಿಟ್ಟೆ. ಅವನು ಒಪ್ಪಿದರೂ ನಾನು ಬೈಯುತ್ತಿರಲಿಲ್ಲ. ಸಮವಸ್ತ್ರ ಸವರುತ್ತಿದ್ದ ಆ ಕೈಯನ್ನು ನಾನು ನೋಡಿದ್ದೆ.

“ನನ್ನ ಹೆಸರು ಕೆಡೋಕೆ ಇವಳು ಬಿಡಲ್ಲ ಸಾಹೇಬ್ರೆ,” ಅಂದ. “ದಿನಾ ಉಪಯೋಗಿಸ್ತಾಳೆ. ನಿಮ್ಮ ಗೋಡೆ ಬ್ಯಾಡ. ನಮ್ಮಜ್ಜನ್ನ ಕೆಳಗೆ ಬಿಟ್ಟು ನಾನೊಬ್ಬ ಮ್ಯಾಲೆ ಹತ್ತಿ ಕೂರಲ್ಲ.”

“ಕೊಬ್ಬು,” ಅಂದ ಮೇಜರ್. “ನಿಮ್ಮಂಥವರಿಗೆ ಎಷ್ಟು ಕೊಟ್ರೂ ಅಷ್ಟೆ. ಆಮೇಲೆ ಬಂದು ಬೇಡಬೇಡ.”

ತಿರುಗಿ ಹೊರಟ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅವನ ಬೆನ್ನಿಗೆ, ಗಂಡನ ಹೆಸರಿಗೆ ಅಜ್ಜನ ಹೆಸರು ಸೇರಿಸಿ, ಗಂಟಲು ಹರಿಯುವ ಹಾಗೆ ಕೂಗಿದೆ: “ಲುಹೆಂಡೆ ಕಪೂಫಿ!”

ಮೇಜರ್ ಬೆಚ್ಚಿ ತಿರುಗಿದ.

“ಮಗಾಶಿ!” ಅಂತ ಇನ್ನೊಂದು ಕಲ್ಲುಗುಂಡಿಯಿಂದ ಕಬೂಲಾ. ಅದು ಅವಳ ಅಜ್ಜ. ರೂಫಿಜಿ ನದಿಯ ಕೆಸರಿನಲ್ಲಿ ಹೊರೆ ಸಮೇತ ಹೂತುಹೋದವನು.

“ಎನ್ಹಂಬಾ! ಬರ್ಮಾ!” ಅಂತ ಮೇಲಿನ ಬಂಡೆಯಿಂದ ಮುದುಕಿಯೊಬ್ಬಳು. ಅವಳ ಗಂಡ.

“ಸಾಯಿ! ಕೂಲ್ವಾ! ಇಬ್ಬರೂ ಒಂದೇ ದಿನ!” ಅಂತ ಮತ್ತೊಬ್ಬಳು.

ಬಂಡೆಯ ತುಂಬ ಹೆಸರೆದ್ದವು. ಕೆಲವು ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಕೂತು ಕಲ್ಲೊಡೆದವರ ಮನೆಯಿಂದ ಅಷ್ಟು ಜನ ಹೋಗಿದ್ದರು ಅಂತ ಆ ಮಧ್ಯಾಹ್ನ ತಿಳಿಯಿತು. ಒಬ್ಬಳು ನಗುತ್ತ ಕೂಗಿದಳು, ಒಬ್ಬಳು ಅಳುತ್ತ. ಒಬ್ಬಳು ಹೆಸರಿನ ಜೊತೆಗೆ ಮೇಜರನ ಅಮ್ಮನಿಗೊಂದು ಬೈಗುಳವನ್ನೂ ಸೇರಿಸಿ ಕೂಗಿದಳು.

ಮೇಜರ್ ಜಲ್ಲಿಯ ಮೇಲೆ ಜಾರಿ, ಕೈಯೂರಿ, ಎದ್ದು, ಕಾರಿಗೆ ಹತ್ತಿದ. ಗಾಜು ಏರಿಸಿದ. ನಾವು ಇನ್ನೂ ಜೋರಾಗಿ ಕೂಗಿದೆವು.